ಫಾಂಟಪ್ಪನ ಪಟ್ಟಿ ಪುರಾಣ

ಊರಿಗೊಂದು ಡಿಟಿಪಿ ಅಂಗಡಿ, ಅಂಗಡಿಗೊಬ್ಬ ಫಾಂಟಪ್ಪ. ಹೆತ್ತವರಿಟ್ಟ ಹೆಸರು ಬೇರೆಯೇ ಇದೆ. ಲಗ್ನಪತ್ರಿಕೆ ಮಾಡಿಸಲು ಹೋಗಿ ಮಧ್ಯಾಹ್ನದ ಊಟ ತಪ್ಪಿಸಿಕೊಂಡವರು ಇಟ್ಟದ್ದು ಇದು. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಂದು ಕೈಗೆ ಸಿಕ್ಕ ಸಿ.ಡಿ. ಯಾವುದನ್ನೂ ಆತ ಬಿಟ್ಟವನಲ್ಲ. ವಿಂಡೋಸ್ 98ರಲ್ಲಿ ಸಾವಿರದ ಹತ್ತಿರ ಫಾಂಟು ತುಂಬಿದರೆ ಯಂತ್ರವೇ ಮುಷ್ಕರ ಹೂಡುತ್ತಿತ್ತು. ಈಗ ಆ ಅಂಕೆಯೂ ಇಲ್ಲ.

ಸಂಗ್ರಹ ದೊಡ್ಡದಾದರೆ ಯಾರಿಗೇನು ನಷ್ಟ? ನಷ್ಟ ಶುರುವಾಗುವುದು ವರ್ಡ್ ಪಟ್ಟಿ ಬಿಚ್ಚಿದಾಗ. ಕನ್ನಡದ್ದು ಒಂದು ಕಡೆ, ಇಂಗ್ಲಿಷಿನದು ಇನ್ನೊಂದು ಕಡೆ ಎಂದು ವಿಂಗಡಿಸಿಡುವ ಸೌಕರ್ಯ ಅದರಲ್ಲಿಲ್ಲ. ಎಲ್ಲವೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ, ಸಂತೆಯ ಜನರಂತೆ ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಹೆಸರಿನ ಮೊದಲೆರಡು ಅಕ್ಷರ ಒತ್ತಿದರೆ ನೇರ ಅಲ್ಲಿಗೆ ಹೋಗಬಹುದು, ನಿಜ. ಆದರೆ ಫಾಂಟಪ್ಪನಿಗೆ ಫಾಂಟಿನ ಹೆಸರು ಗೊತ್ತಿಲ್ಲ, ಮುಖ ಗೊತ್ತು.

"ಗಣಪತಿ ಕೆಳಗೆ ಹಾಕ್ತೀವಲ್ಲ ಸಾರ್, ಬಾಲ ಇರೋ ಅಕ್ಷರ... ಇಲ್ಲೇ ಇತ್ತು."

ಪಟ್ಟಿ ಉರುಳುತ್ತದೆ. ವರ್ಡ್ ಪ್ರತಿ ಹೆಸರನ್ನೂ ಆಯಾ ಫಾಂಟಿನಲ್ಲೇ ಬರೆದು ತೋರಿಸುವುದರಿಂದ, ಹಳೆಯ ಆಸ್ಕಿ ಫಾಂಟುಗಳ ಇಂಗ್ಲಿಷ್ ಹೆಸರು ಅರ್ಥವಿಲ್ಲದ ಕನ್ನಡ ಚೂರುಗಳಾಗಿ ಕಾಣುತ್ತದೆ. ಓದುವ ಹಾಗೂ ಇಲ್ಲ, ಕೇಳುವ ಹಾಗೂ ಇಲ್ಲ. ಕೊನೆಗೆ ಸಿಕ್ಕಿತೆನ್ನಿ; ವಾಟ್ಸ್‌ಆ್ಯಪಿನಿಂದ ತಂದ ಯೂನಿಕೋಡ್ ಸಾಲಿನ ಮೇಲೆ ಅದನ್ನು ಒತ್ತಿದರೆ ಹೆಸರು ಮಾತ್ರ ಬದಲಾಗಿ ಅಕ್ಷರ ಕದಲುವುದಿಲ್ಲ. ಪರಿವರ್ತಕದಲ್ಲಿ ಹಾಕಿ, ಸರಿಮಾಡಿ, ಕಡತವನ್ನು ವರನ ಅಪ್ಪನಿಗೆ ಕಳಿಸಿದರೆ ಅವರ ಲ್ಯಾಪ್‌ಟಾಪಿನಲ್ಲಿ ಆ ಫಾಂಟಿಲ್ಲ. "ಕನ್ನಡ" ಎಂದಿದ್ದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ ಕೂತಿರುತ್ತದೆ. ಬೀಗರು ಗಾಬರಿಯಾಗುತ್ತಾರೆ.

ಬಿಲ್ಲು ಮಾಡುವಾಗ ಮಾತ್ರ ಆತ ಧರ್ಮಾತ್ಮ; ಹುಡುಕಿದ ಹೊತ್ತಿಗೆ ಕಾಸು ಹಿಡಿಯುವುದಿಲ್ಲ. ಮೊದಲು ಮೊಳೆ ಜೋಡಿಸುತ್ತಿದ್ದವನು. ಆಗ ಪ್ರೆಸ್ಸಿನಲ್ಲಿದ್ದದ್ದು ಬೆರಳೆಣಿಕೆಯ ಅಚ್ಚುಗಳು; ಯಾವ ಖಾನೆಯಲ್ಲಿ ಯಾವ ಅಕ್ಷರವೆಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತಿತ್ತು. ಆ ಕೈ ಈಗ ಮೌಸಿನ ಚಕ್ರ ತಿರುಗಿಸುತ್ತ ಕೂರುವುದನ್ನು ನೋಡಿದರೆ, ಊಟ ತಪ್ಪಿದ ಗಿರಾಕಿಗೂ ಸಿಟ್ಟು ಅರ್ಧಕ್ಕೆ ಇಳಿಯುತ್ತದೆ.

ಪೂರ್ತಿ ಇಳಿಯಲು ಆತ ಬಿಡುವುದಿಲ್ಲ. ಈಚೆಗೆ "ಅನೇಕ್ ಕನ್ನಡ" ಇಳಿಸಿಕೊಂಡಿದ್ದಾನೆ. ಎಂಟು ತೂಕ, ಐದು ಅಗಲ, ಒಟ್ಟು 40 ರೂಪಗಳ ಚೆಂದದ ಫಾಂಟು, ಅದೂ ಪುಕ್ಕಟೆ. ಬಿಡಿಬಿಡಿಯಾಗಿ ಹಾಕಿಕೊಂಡದ್ದರಿಂದ ವರ್ಡ್ ಒಂದೇ ಮನೆಯವರನ್ನು ಬೇರೆ ಬೇರೆ ಹೆಸರಿನಲ್ಲಿ ಸಾಲಾಗಿ ನಿಲ್ಲಿಸಿದೆ. ಇಂಗ್ಲಿಷಿನ ಮೊದಲಕ್ಷರದಿಂದ ಶುರುವಾಗುವ ಹೆಸರಾದ್ದರಿಂದ ಪಟ್ಟಿಯ ತುದಿಯಲ್ಲೇ ಸಿಗುತ್ತವೆ, ಉರುಳಿಸುವ ಕೆಲಸವಿಲ್ಲ. ಹೀಗಾಗಿ ಮೊನ್ನೆ ಒಂದು ವೈಕುಂಠ ಸಮಾರಾಧನೆಯ ಪತ್ರವೂ, ಅದರ ಹಿಂದೆಯೇ ಬಂದ ಬೀಗರೂಟದ ಪತ್ರವೂ ಒಂದೇ ಠೀವಿಯ, ಅತಿ ದಪ್ಪ, ಅತಿ ಅಗಲದ ಅಕ್ಷರದಲ್ಲಿ ಅಚ್ಚಾದವು.