ಕ್ಯಾಬಿನ್ನಿನ ಗೃಹಕೃತ್ಯ

ತಮಿಳುನಾಡಿನ ಉತ್ತಮಪಾಳಯಂನಿಂದ ಪನ್ನೀರ್ ದ್ರಾಕ್ಷಿ ಹೊತ್ತು ಕೇರಳಕ್ಕೆ ಹೊರಡುವ ಲಾರಿಯ ಮುಂಭಾಗ ನೋಡಿದರೆ ಮದುವಣಗಿತ್ತಿಯೂ ನಾಚಬೇಕು: ಹಾರ, ಕುಚ್ಚು, ನಿಂಬೆಹಣ್ಣು, ಮೆಣಸಿನಕಾಯಿ. ಬಾಗಿಲು ತೆಗೆದರೆ ನಿನ್ನೆಯ ಪರೋಟದ ಪೊಟ್ಟಣ, ಮೊನ್ನೆಯ ಬನಿಯನ್, ಯಾವ ಕಾಲದ್ದೋ ಚೀಟಿಗಳು. ದೃಷ್ಟಿ ತಾಗುವುದು ಹೊರಗಿನಿಂದ ಮಾತ್ರ ಎಂಬ ನಂಬಿಕೆ ಇದಕ್ಕೆ ಕಾರಣವಿರಬೇಕು. ಆದರೆ ಮರಳುವಾಗ ಕೇರಳ ಗಡಿಯ ಕುಮಳಿಯಿಂದ ಲೋವರ್ ಕ್ಯಾಂಪಿಗೆ ಇಳಿಯುವ ಘಾಟಿಯಲ್ಲಿ ಅಪಾಯ ಒಳಗಿನಿಂದಲೇ ಉರುಳಿ ಬರುತ್ತದೆ, ಅದೂ ಒಂದು ಲೀಟರಿನ ನೀರಿನ ಬಾಟಲಿಯ ರೂಪದಲ್ಲಿ. ಅದು ಸೀಟಿನಡಿಯಿಂದ ಹೊರಟು ಬ್ರೇಕ್ ಪೆಡಲಿನ ಕೆಳಗೆ ಸೇರಿಕೊಂಡರೆ ಎಷ್ಟು ಒತ್ತಿದರೂ ಪೆಡಲು ಇಳಿಯದು. ಆಗ ಬಂಪರಿನ ನಿಂಬೆಹಣ್ಣು ಸುಮ್ಮನೆ ತೂಗುತ್ತಿರುತ್ತದೆ.

ಲಾರಿ ಡ್ರೈವರಣ್ಣನ ಮನೆ, ಮನೆಯೆಂದ ಮೇಲೆ ಸಾಮಾನು ಹರಡದೆ ಇರುತ್ತದೆಯೇ ಎನ್ನುವವರಿದ್ದಾರೆ. ಒಪ್ಪೋಣ, ಆದರೆ ಯಾರ ಅಡುಗೆಮನೆಯೂ ಹತ್ತು ಟನ್ ಹಣ್ಣಿನೊಂದಿಗೆ ತಿರುವು ಹೊಡೆಯುವುದಿಲ್ಲ. ಪುರುಸೊತ್ತೆಲ್ಲಿ ಎಂಬುದು ಎರಡನೆಯ ತಕರಾರು. ಪೆಟ್ಟಿಗೆಗಳನ್ನು ತುಂಬುವವರೆಗೆ ಲಾರಿ ನಿಂತೇ ಇರುತ್ತದಲ್ಲ? ಪೊರಕೆಗೆ ಕಾಲು ಗಂಟೆ ಸಾಕು. ಬಾಗಿಲಿಗೊಂದು ಕಸದ ಚೀಲ, ದಾಖಲೆಗಳಿಗೊಂದು ಫೈಲು ಇದ್ದರೆ, ಚೆಕ್‌ಪೋಸ್ಟಿನಲ್ಲಿ ಇನ್ಶೂರೆನ್ಸ್ ಕಾಗದಕ್ಕಾಗಿ ದಿಂಬಿನ ಹೊಟ್ಟೆ ಬಗೆಯುವುದೂ ತಪ್ಪುತ್ತದೆ. ಕಿಟಕಿ ತೆಗೆದರೆ ಗಾಳಿಯೇ ಗುಡಿಸುತ್ತದೆ ಎಂಬ ಮೂರನೆಯ ವಾದವೇ ಎಲ್ಲಕ್ಕಿಂತ ಜಾಣತನದ್ದು, ಅದಕ್ಕೆ ಸರ್ಕಾರವೇ ಉತ್ತರ ಕೊಟ್ಟಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಟ್ರಕ್ಕುಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ. ಇನ್ನು ಕಿಟಕಿ ಮುಚ್ಚಿಯೇ ಇರುತ್ತದೆ. ಪರೋಟದ ಜೊತೆ ಬಂದು ಚೆಲ್ಲಿದ ಸಾಲ್ನಾ ಸಾರಿನ ವಾಸನೆ ದಿಂಡಿಗಲ್‌ವರೆಗೂ ತಣ್ಣಗೆ, ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತದೆ.