ಬಾಮೈದನ ಮಗನಿರುವಾಗ ತಂತ್ರಜ್ಞನೇಕೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಂಡಿ ಮಾಲೀಕರು, ಹೆಂಚಿನ ಕಾರ್ಖಾನೆಯ ಯಜಮಾನರು ಹಾಗೂ ಕಂಪ್ಯೂಟರ್ ಇರುವ ಸಕಲ ಕಚೇರಿಗಳ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೇ,

ಕಚೇರಿಯ ಕಂಪ್ಯೂಟರುಗಳನ್ನು ವೃತ್ತಿನಿರತ ತಂತ್ರಜ್ಞರಿಗೆ ಒಪ್ಪಿಸದೆ, ಮೊಬೈಲ್ ಅಂಗಡಿಯ ಹುಡುಗನಿಗೋ ಡಿಪ್ಲೊಮಾ ಓದುತ್ತಿರುವ ಬಾಮೈದನ ಮಗನಿಗೋ ಒಂದು ಕಾಫಿಯ ಖರ್ಚಿನಲ್ಲಿ ವಹಿಸಿ ಮಾನ್ಯರು ವರ್ಷಗಳಿಂದ ಸಾಧಿಸಿರುವ ಮಿತವ್ಯಯವು ಅರ್ಥಶಾಸ್ತ್ರಜ್ಞರ ಗಂಭೀರ ಅಧ್ಯಯನಕ್ಕೆ ಯೋಗ್ಯವಾದುದು. ಕಳ್ಳಪ್ರತಿಯ ವಿಂಡೋಸ್, ಪರದೆಯ ಅಂಚಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ, ಬ್ಯಾಟರಿ ಸತ್ತರೂ ಮೇಜಿನ ಕೆಳಗೆ ಮರ್ಯಾದೆಯಿಂದ ಉಳಿದಿರುವ ಯುಪಿಎಸ್ ಇವೆಲ್ಲ ಆ ಸಾಧನೆಯ ಕುರುಹುಗಳು. ಬ್ಯಾಕಪ್, ಅಂದರೆ ಮೂಲ ಕಡತ ಹಾಳಾದಾಗ ಒದಗಲೆಂದು ಬೇರೆಡೆ ಕಾದಿಡುವ ನಕಲು, ಇಲ್ಲಿ ಅದೇ ಯಂತ್ರದ ಡಿ ಡ್ರೈವಿನಲ್ಲಿರುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುವುದರಿಂದ ಯಾವುದು ಮೂಲ, ಯಾವುದು ನಕಲು ಎಂಬ ತಕರಾರಿಗೆ ಎಡೆಯೇ ಇರುವುದಿಲ್ಲ.

ತಜ್ಞರಿಗೆ ಹಣ ಕೊಡುವ ಪದ್ಧತಿ ಈ ಸೀಮೆಗೆ ಗೊತ್ತಿಲ್ಲವೆನ್ನಲಾಗದು. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ಗುರುತಿಸುವವರಿಗೆ ಮರುಮಾತಿಲ್ಲದೆ ಸಂಭಾವನೆ ಸಲ್ಲುತ್ತದೆ. ಸಾವಿರ ಅಡಿ ಕೊರೆದರೂ ನೀರು ಕಾಣದಿದ್ದರೆ ದೋಷ ಭೂಮಿಯದೇ. ಚೌಕಾಶಿಯೆಲ್ಲ ತಂತ್ರಜ್ಞನ ಬಿಲ್ಲಿಗೆ ಮೀಸಲು.

ತಂತ್ರಜ್ಞನಿಲ್ಲದಿದ್ದರೆ ಏನಾದೀತು ಎಂದು ಮಾನ್ಯರು ಕೇಳಬಹುದು. ಕಡತಗಳಿಗೆ ಬೀಗ ಜಡಿದು ಬಿಡುಗಡೆಗೆ ಹಣ ಕೇಳುವ ತಂತ್ರಾಂಶವನ್ನು ರ್‍ಯಾನ್ಸಮ್‌ವೇರ್ ಎನ್ನುತ್ತಾರೆ. ಆ ಬಗೆಯ ವನ್ನಾಕ್ರೈ 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದಾಗ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಲವರು ಹಾಕಿಕೊಂಡಿರಲಿಲ್ಲ, ಅಷ್ಟೆ.

ದೂರದ ಮಾತು ಬೇಡವೆಂದರೆ ಕೋಲಾರ ತಾಲ್ಲೂಕಿನ ನರಸಾಪುರವೇ ಇದೆ. 2020ರ ಡಿಸೆಂಬರ್ 12ರಂದು ಆ್ಯಪಲ್‌ಗಾಗಿ ಫೋನ್ ಜೋಡಿಸುತ್ತಿದ್ದ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ಅಸಮಾಧಾನ ದಾಂಧಲೆಗೆ ತಿರುಗಿದ ಮೇಲೆ, ಕೆಲಸದ ಗಂಟೆಗಳನ್ನು ನಿರ್ವಹಿಸುವ ಸರಿಯಾದ ವ್ಯವಸ್ಥೆ ಜಾರಿಯಾಗದಿದ್ದುದರಿಂದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವು ಕಾರ್ಮಿಕರಿಗೆ ಸಂಬಳ ತಡವಾಯಿತೆಂದು ಆ್ಯಪಲ್ ಹೇಳಿ, ವಿಸ್ಟ್ರಾನ್‌ಗೆ ಹೊಸ ಗುತ್ತಿಗೆ ಕೊಡುವುದನ್ನು ತಡೆಹಿಡಿಯಿತು. ಐಫೋನ್ ಜೋಡಿಸುವ ಸೂರಿನಡಿ ಸಂಬಳದ ಲೆಕ್ಕ ಎಡವಿತು. ಅಲ್ಲಿದ್ದುದು ಬಾಮೈದನ ಮಗನಲ್ಲ, ನಿಜ. ಆದರೆ ಕೆಲಸ ಬೆಳೆದಷ್ಟು ಲೆಕ್ಕದ ವ್ಯವಸ್ಥೆಯನ್ನು ಬೆಳೆಸದಿದ್ದರೆ ಅದರ ಬಿಲ್ಲು ಮೊದಲು ಯಾರ ಕೈಸೇರುತ್ತದೆ ಎಂಬುದನ್ನು ಆ ಪ್ರಕರಣ ತೋರಿಸಿತು.

ಮಾನ್ಯರ ಮಿತವ್ಯಯದ ಗುಟ್ಟೂ ಇದೇ. ಉಳಿತಾಯ ಮಾಲೀಕರ ಪುಸ್ತಕದಲ್ಲಿ, ಖರ್ಚು ಬೇರೆಯವರ ಪುಸ್ತಕದಲ್ಲಿ. 15 ಕೆ.ಜಿ. ಟೊಮೆಟೊ ಬಾಕ್ಸು ಕೋಲಾರ ಎಪಿಎಂಸಿಯಲ್ಲಿ 2,000 ರೂಪಾಯಿ ದಾಟಿದ 2023ರ ಜುಲೈನಂಥ ಸುಗ್ಗಿಯಲ್ಲಿ ಮಂಡಿಯ ಕಂಪ್ಯೂಟರ್ ನಿಂತರೆ, ಪಟ್ಟಿಗಾಗಿ, ಅಂದರೆ ಮಾರಾಟದ ಲೆಕ್ಕಚೀಟಿಗಾಗಿ, ಕಾಯುವವನು ರಾತ್ರಿಯಿಡೀ ಕೊಯ್ಲು ಮಾಡಿಸಿ ಬಂದ ರೈತ. ಮಾವಿನ ಕಾಲದ ಶ್ರೀನಿವಾಸಪುರದಲ್ಲೂ ಸರದಿ ಅವನದೇ. ಜಿಎಸ್‌ಟಿ ರಿಟರ್ನ್ ತಡವಾಗಿ ದಂಡ ಬಿದ್ದರೆ ಬೈಸಿಕೊಳ್ಳುವವನು ಗುಮಾಸ್ತ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ, ಮಾನ್ಯರು ಮುಂದಿನ ಸುಗ್ಗಿಗೆ ಮೊದಲು ಬಲ್ಲ ತಂತ್ರಜ್ಞರೊಬ್ಬರೊಂದಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡು, ಬ್ಯಾಕಪ್ಪಿನಿಂದ ಒಂದು ತಿಂಗಳ ಲೆಕ್ಕವನ್ನು ಕಣ್ಣೆದುರೇ ಮರಳಿ ತೆಗೆಸಿ ನೋಡಬೇಕೆಂದೂ, ಆ ಒಪ್ಪಂದದ ಹಣವನ್ನು ರೈತರ ಪಟ್ಟಿಯಲ್ಲಿ ಮುರಿದುಕೊಳ್ಳಬಾರದೆಂದೂ ಸವಿನಯ ಪ್ರಾರ್ಥನೆ.