ಏಣಿ ಹಿಡಿಯಲು ಒಬ್ಬ

ಊರಿಗೊಬ್ಬರಾದರೂ ಇರುತ್ತಾರೆ. ಫ್ಯೂಸು ಹೋದರೆ ಲೈನ್‌ಮನ್ ಬರುವವರೆಗೆ ಕಾಯುವ ಜಾಯಮಾನ ಅವರದಲ್ಲ. ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಸಿಕ್ಕಿಸಿಬಿಡುತ್ತಾರೆ. ಸೋರುವ ನಲ್ಲಿಗೆ ಸೈಕಲ್ ಟ್ಯೂಬು ಬಿಗಿಯುತ್ತಾರೆ. ಟ್ಯೂಬು ಹನ್ನೊಂದು ವರ್ಷ ಹಾಗೇ ಇರುತ್ತದೆ, ನಲ್ಲಿ ಸೋರುತ್ತಲೂ ಇರುತ್ತದೆ. ಹೆಂಡತಿ ಬೇಸತ್ತು 'ಯಾರನ್ನಾದರೂ ಕರೆಸೋಣ' ಎಂದರೆ ಸಾಕು, ಅವರ ಮುಖ ಸಣ್ಣದಾಗುತ್ತದೆ. 'ಯಾಕೆ, ನಾನಿಲ್ವಾ?' ಎನ್ನುತ್ತಾರೆ.

ಇದ್ದಾರೆ ಎಂಬುದೇ ಮನೆಯವರ ಕಷ್ಟ.

ಈ 'ನಾನಿಲ್ವಾ' ಪಂಗಡದವರು ಊರಲ್ಲಿರುವಷ್ಟು ದಿನ ಅಂಥ ಅಪಾಯವೇನಿಲ್ಲ. ಅವರು ಆಫೀಸಿಗೆ ಹೋದ ಹೊತ್ತು ನೋಡಿ ಮನೆಯಾಕೆ ಪ್ಲಂಬರನ್ನು ಕರೆಸಿ, ಸಂಜೆ 'ನೀವು ಬಿಗಿದಿದ್ದು ಈಗ ಕೂತಿತು ನೋಡಿ' ಎಂದು ಕಾಫಿ ಕೊಡಬಹುದು. ಅಮೆರಿಕಕ್ಕೆ ಹೋದರೆ ಮಾತ್ರ ಇವರಿಗೆ ಲಗಾಮಿಲ್ಲ. ಅಲ್ಲಿ ಕೆಲಸದವರ ಕೂಲಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಾರ್ಡ್‌ವೇರ್ ಅಂಗಡಿಗಳೋ, ನಮ್ಮ ಎಪಿಎಂಸಿ ಯಾರ್ಡಿನಷ್ಟು ದೊಡ್ಡವು. ಒಳಗೆ ಹೋದವರು ಮೊಳೆಗೆಂದು ಹೋಗಿ ಗರಗಸ ತರುತ್ತಾರೆ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾ ಊರಿನ ಅಂಚಿನಲ್ಲಿರುವ ಭಾವ ಈ ಪಂಗಡದ ಹಿರಿಯರು. ಮೂಲ ತೀರ್ಥಹಳ್ಳಿ ಕಡೆ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಕೈಗೆ ಸಿಗದ ಸರಕು ತಯಾರಿಸುವವರಿಗೆ ಶನಿವಾರ ಬಂತೆಂದರೆ ಕೈ ತುರಿಸುತ್ತದೆ. ಅವರನ್ನು ಭಾವ ಎನ್ನುವುದು ಅವರ ಹೆಂಡತಿಯ ತಮ್ಮ. ಆ ತಮ್ಮ ಯಾರೆಂದು ಇಲ್ಲಿ ಹೇಳಬೇಕಾಗಿಲ್ಲ. ಈ ಲೇಖನ ಬರೆಯುವಷ್ಟು ಅವನು ಚೇತರಿಸಿಕೊಂಡಿದ್ದಾನೆ ಎಂದರೆ ಸಾಕು.

ಕಥೆ ಶುರುವಾದದ್ದು 2008ರ ಡಿಸೆಂಬರ್ 11ರ ರಾತ್ರಿ. ಆ ರಾತ್ರಿ ನ್ಯೂ ಇಂಗ್ಲೆಂಡಿನ ಮೇಲೆ ಸುರಿದ ಮಳೆ ಬಿದ್ದಬಿದ್ದಲ್ಲೇ ಗಾಜಿನಂತೆ ಹೆಪ್ಪುಗಟ್ಟಿತು. ಮರಗಳು ಆ ಭಾರಕ್ಕೆ ಪಟಪಟನೆ ಮುರಿದು ತಂತಿಗಳ ಮೇಲೆ ಬಿದ್ದವು. ನ್ಯೂ ಹ್ಯಾಂಪ್‌ಶೈರ್ ಒಂದರಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋಯಿತು. ಕೆಲವೆಡೆ ಅದು ಮರಳಲು ಎರಡು ವಾರ ಹಿಡಿಯಿತು. ಭಾವನ ಮನೆಯನ್ನು ಬಿಸಿಮಾಡುವುದು ಎಣ್ಣೆಯ ಕುಲುಮೆಯೇ ಆದರೂ, ಅದನ್ನು ಹೊತ್ತಿಸಿ ಗಾಳಿ ಊದಲು ಕರೆಂಟು ಬೇಕು. ಹಾಗಾಗಿ ಟ್ಯಾಂಕಿನ ತುಂಬ ಎಣ್ಣೆ ಇಟ್ಟುಕೊಂಡೂ ಚಳಿಗೆ ನಡುಗಿದ ಕುಟುಂಬ, ಕರೆಂಟಿದ್ದ ತಮ್ಮನ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ ಬಂದು ಒಂಬತ್ತು ದಿನ ಇತ್ತು. ಒಂಬತ್ತೂ ದಿನ ಭಾವ ಅವನ ಬಚ್ಚಲಿನ ಫ್ಲಶ್ಶನ್ನು ರಿಪೇರಿ ಮಾಡಿದರು. ಅದು ಮೊದಲು ಕೆಟ್ಟಿರಲಿಲ್ಲ.

ಹತ್ತನೆಯ ದಿನ ಮನೆಗೆ ಹೊರಡುವಾಗ ತೀರ್ಮಾನ ಹೊರಬಿತ್ತು: 'ಸೌದೆ ಒಲೆ ಹಾಕ್ತೀನಿ ಮಾರಾಯ. ಕರೆಂಟಿನ ಹಂಗೇ ಬೇಡ.'

ಒಲೆ ಕೊಳ್ಳುವುದು ಸುಲಭ. 2009ರಲ್ಲೂ 2010ರಲ್ಲೂ ದಕ್ಷವಾಗಿ ಉರಿಯುವ ಸೌದೆ ಒಲೆಗೆ ಅಮೆರಿಕ ಸರ್ಕಾರ ವೆಚ್ಚದ ಶೇ. 30ರಷ್ಟು, ಗರಿಷ್ಠ 1,500 ಡಾಲರ್, ತೆರಿಗೆಯಲ್ಲಿ ಬಿಟ್ಟುಕೊಡುತ್ತಿತ್ತು. ತೊಡಕಿದ್ದದ್ದು ಚಿಮಣಿಯಲ್ಲಿ. ಆ ಮನೆಯ ಇಟ್ಟಿಗೆ ಚಿಮಣಿ ತೆರೆದ ಬೆಂಕಿಗೂಡಿಗೆಂದು ಕಟ್ಟಿದ್ದು. ಒಳದಾರಿ ಸುಮಾರು 11 ಇಂಚು ಚೌಕ, ಅಂದರೆ 121 ಚದರ ಇಂಚು. ಹೊಸ ಒಲೆಯ ಹೊಗೆಬಾಯಿ 6 ಇಂಚಿನ ವೃತ್ತ, 28 ಚದರ ಇಂಚು. ಚಿಮಣಿಯ ದಾರಿ ಒಲೆಯ ಬಾಯಿಯ ಮೂರು ಪಟ್ಟನ್ನು ಮೀರಬಾರದು, ಚಿಮಣಿ ಹೊರಗೋಡೆಯಲ್ಲಿದ್ದರೆ ಎರಡು ಪಟ್ಟನ್ನೂ ಮೀರಬಾರದು ಎಂಬುದು ಅಲ್ಲಿನ ಅಗ್ನಿಸುರಕ್ಷೆಯ ನಿಯಮ. ಸಣ್ಣ ಒಲೆಯ ಹೊಗೆ ದೊಡ್ಡ ಗೂಡಿಗೆ ಹೊಕ್ಕರೆ ಆಲಸಿಯಾಗುತ್ತದೆ. ಮೇಲೇರುವ ಹೊತ್ತಿಗೆ ತಣ್ಣಗಾಗಿ, ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಇಳಿದಾಗ ಗೋಡೆಗೆ ಡಾಂಬರಿನಂಥ ಕ್ರಿಯೋಸೋಟ್ ಆಗಿ ಅಂಟುತ್ತದೆ. ಅದಕ್ಕೆ ಎಂದಾದರೂ ಕಿಡಿ ತಾಕಿತೋ, ಚಿಮಣಿಯೇ ಒಲೆ. ಒಳಗಿನ ಬಿಸಿ 1,100 ಡಿಗ್ರಿ ಮುಟ್ಟಬಹುದು. ಇದಕ್ಕೆ ಮದ್ದು ಲೈನರ್: ಇಟ್ಟಿಗೆ ಚಿಮಣಿಯ ಒಳಗೆ ಮೇಲಿಂದ ಕೆಳಗಿನವರೆಗೆ ಇಳಿಬಿಡುವ ಬಾಗುವ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ.

ಚಿಮಣಿ ಕೆಲಸದವರು ಬಂದು ನೋಡಿ ಮೂರು ಸಾವಿರ ಡಾಲರ್ ಎಂದರು. ಭಾವ ನಕ್ಕು ಅವರನ್ನು ಬೀಳ್ಕೊಟ್ಟರು. ಮುಂದಿನದನ್ನು ಓದುಗರೇ ಊಹಿಸಬಹುದು.

ಜೂನ್ ತಿಂಗಳಲ್ಲಿ ಕೊಳವೆ ಬಂತು. 25 ಅಡಿಯ ಹೆಬ್ಬಾವು, ರಟ್ಟಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿತ್ತು. ಭಾವ ಮಾಡಿಗೆ ಏಣಿ ಇಟ್ಟು, ಚಿಮಣಿಯೊಳಗೆ ಟಾರ್ಚು ಬಿಟ್ಟರು. ಒಳಗಿನಿಂದ ಗುಡುಗಿದಂತೆ ಸದ್ದು ಬಂತು. ಕೆಳಗೆ ಏಣಿ ಹಿಡಿದಿದ್ದ ಭಾವಮೈದುನ ಕೈಬಿಟ್ಟು ಓಡಿದ್ದು ನಿಜ. ಆ ವಿಷಯ ಈಗಲೂ ಯುಗಾದಿ ಊಟದ ಪಂಕ್ತಿಯಲ್ಲಿ ಬರುತ್ತದೆ.

ಗುಡುಗಿದ್ದು ಹಕ್ಕಿಮರಿಗಳು. ಚಿಮ್ನಿ ಸ್ವಿಫ್ಟ್ ಎಂಬ ಹಕ್ಕಿ ಕೊಂಬೆಯ ಮೇಲೆ ಕೂರಲಾರದು, ಅದರ ಕಾಲೇ ಹಾಗೆ. ನೆಟ್ಟಗಿನ ಗೋಡೆಗೆ ಉಗುರು ಸಿಕ್ಕಿಸಿ ಜೋತುಬೀಳುತ್ತದೆ. ಹಿಂದೆ ಪೊಟರೆ ಮರಗಳಲ್ಲಿದ್ದದ್ದು, ಕಾಡು ಕಡಿದ ಮೇಲೆ ಚಿಮಣಿಗಳಿಗೆ ಬಂತು. ಕಡ್ಡಿಗಳನ್ನು ತನ್ನ ಎಂಜಲಿನಿಂದಲೇ ಅಂಟಿಸಿ ಅರ್ಧ ತಟ್ಟೆಯಂಥ ಗೂಡು ಮಾಡುತ್ತದೆ. ಚಿಮಣಿಗೆ ಕನ್ನಡದಲ್ಲಿ ಹೊಗೆಗೂಡು ಎಂದವರು ಈ ಹಕ್ಕಿಯನ್ನು ಕಂಡಿರಲಾರರು, ಆದರೂ ಮಾತು ನೆಟ್ಟಗೆ ಬಿದ್ದಿದೆ. ಮರಿಗಳಿರುವ ಗೂಡನ್ನು ಮುಟ್ಟುವ ಹಾಗಿಲ್ಲ. 1918ರ ವಲಸೆ ಹಕ್ಕಿಗಳ ಕಾನೂನು ಅಡ್ಡ ಬರುತ್ತದೆ. ಹಕ್ಕಿಗಳು ಬೇಸಿಗೆ ಮುಗಿಸಿ ಅಮೆಜಾನ್ ಸೀಮೆಗೆ ಹೊರಡುವವರೆಗೆ ಭಾವ ಕೈಕಟ್ಟಿ ಕೂರಬೇಕಾಯಿತು. ಅವರ ಜೀವಮಾನದಲ್ಲಿ ಒಂದು ಕೆಲಸಕ್ಕೆ ಇನ್ನೊಬ್ಬರ ಅಪ್ಪಣೆ ಕಾದದ್ದು ಅದೇ ಮೊದಲು.

ಸೆಪ್ಟೆಂಬರಿನ ಎರಡನೆಯ ಶನಿವಾರ ಫೋನು ಬಂತು. 'ಸುಮ್ಮನೆ ಏಣಿ ಹಿಡಿಯೋಕೆ ಬಾ ಮಾರಾಯ, ಒಂದು ಗಂಟೆ ಕೆಲಸ.'

ಬಂದವನನ್ನು ಏಣಿಯ ಹತ್ತಿರ ಬಿಟ್ಟುಕೊಳ್ಳಲೇ ಇಲ್ಲ. ಅವನು ಬೆಂಕಿಗೂಡಿನೊಳಗೆ ಅಂಗಾತ ಮಲಗಬೇಕು, ಮೇಲಿಂದ ಬರುವ ಹಗ್ಗ ಎಳೆಯಬೇಕು. ಕೊಳವೆಗೆ ಅರ್ಧ ಇಂಚು ದಪ್ಪದ ಸೆರಾಮಿಕ್ ಉಣ್ಣೆಯ ಕಂಬಳಿ ಸುತ್ತಿ, ಮೇಲೆ ತಂತಿಬಲೆಯ ಚೀಲ ತೊಡಿಸಿತ್ತು. ಆರಿಂಚಿನದು ಏಳಿಂಚು ದಾಟಿ ಸೀಮಂತದ ಹೆಣ್ಣಿನಂತೆ ಜೋಪಾನ ಬೇಡುತ್ತಿತ್ತು. ತುದಿಗೆ ಶಂಕುವಿನಾಕಾರದ ಟೋಪಿ, ಟೋಪಿಗೆ ಹಗ್ಗ. ಭಾವ ಸೊಂಟಕ್ಕೆ ಬೆಲ್ಟು ಬಿಗಿದು ಮಾಡಿನ ಮೇಲೆ. ಇಬ್ಬರ ನಡುವೆ ಮೊಬೈಲ್.

ಹನ್ನೆರಡು ಅಡಿ ಸರಾಗ ಇಳಿಯಿತು. ಆಮೇಲೆ ನಿಂತಿತು.

'ಎಳಿ!'

'ಎಳೀತಿದ್ದೀನಿ ಭಾವ.'

'ನೀನು ಎಳೀತಿಲ್ಲ. ಹಿಡ್ಕೊಂಡಿದ್ದೀಯ.'

ಮನುಷ್ಯನ ಮೇಲೆ ಹೊರಿಸಬಹುದಾದ ಆಪಾದನೆಗಳಲ್ಲಿ ಇದರಷ್ಟು ಕ್ರೂರವಾದದ್ದು ಕಡಿಮೆ. ಆ ಹೊತ್ತಿಗೆ ಅವನ ಕಣ್ಣು, ಮೂಗು, ಬಾಯಿಯಲ್ಲಿ ಐವತ್ತು ವರ್ಷದ ಮಸಿ. ಉಸಿರಿಗೆ ಕಟ್ಟಿಕೊಳ್ಳುವ ಮುಖವಾಡ ಮನೆಯಲ್ಲಿ ಒಂದೇ ಇತ್ತು, ಅದು ಮೇಲೆ ಶುದ್ಧ ಗಾಳಿಯಲ್ಲಿ ನಿಂತವರ ಮುಖದ ಮೇಲಿತ್ತು. ಮಣ್ಣಿನ ಕೊಳವೆಗಳ ಕೀಲಿನಲ್ಲಿ ಹಿಂದಿನ ಗಾರೆಯವನು ಬಿಟ್ಟ ಗಾರೆಯ ಉಬ್ಬಿಗೆ ಟೋಪಿ ತಗುಲಿಕೊಂಡಿದೆ ಎಂದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ: ಭಾವ ಮೇಲೆತ್ತಿ ಕುಕ್ಕಿದಾಗಲೆಲ್ಲ ಎದೆಯ ಮೇಲೆ ಇನ್ನೊಂದು ಬೊಗಸೆ ಇಲ್ಲಣ ಬೀಳುತ್ತದೆ. ಒಮ್ಮೆ ಇಲ್ಲಣದ ಜತೆ ಅರ್ಧ ತಟ್ಟೆಯಂಥದೊಂದು ಕಡ್ಡಿಯ ಗೂಡೂ ಬಿತ್ತು. ಖಾಲಿ. ಆ ಕತ್ತಲಲ್ಲಿ, ಆ ಸಿಟ್ಟಿನಲ್ಲಿಯೂ ಅವನು ಅದನ್ನು ಒಡೆಯದ ಹಾಗೆ ಪಕ್ಕಕ್ಕಿಟ್ಟ.

ಒಂದೂವರೆ ಗಂಟೆಯ ಮೇಲೆ ಅಕ್ಕ ಅಂಗಳಕ್ಕೆ ಬಂದು, ಮೇಲೊಮ್ಮೆ ನೋಡಿ, 'ಅದನ್ನ ಕುಕ್ಕೋದು ಯಾಕೆ, ತಿರುಗಿಸಿ ನೋಡಿ' ಎಂದು ಒಳಗೆ ಹೋದರು. ಭಾವ ತಿರುಗಿಸಿದರು. ಕೊಳವೆ ಸರ್ರನೆ ಇಳಿದು ಭಾವಮೈದುನನ ಎದೆಯ ಮೇಲೆ ನಿಂತಿತು. ಈ ಕಥೆಯನ್ನು ಭಾವ ಇಂದಿಗೂ ಹೇಳುತ್ತಾರೆ. ಅಕ್ಕ ಅದರಲ್ಲಿಲ್ಲ.

ಉಳಿದದ್ದು ಬೇಗ ಮುಗಿಯಿತು: ಮೇಲೆ ತಗಡಿನ ಮುಚ್ಚಳ, ಮಳೆಟೋಪಿ, ಕೆಳಗೆ ಒಲೆಗೆ ಜೋಡಣೆ. ಪರವಾನಗಿ ಕೊಟ್ಟ ಊರಿನವರು ತನಿಖೆಗೆ ಬಂದು ಹತ್ತು ನಿಮಿಷ ನೋಡಿ ಸಹಿ ಹಾಕಿದರು. ಆ ಕಾಗದಕ್ಕೆ ಭಾವ ಫ್ರೇಮು ಹಾಕಿಸಿದ್ದಾರೆ. ಎಂಜಿನಿಯರಿಂಗ್ ಪದವಿಪತ್ರ ಎಲ್ಲಿದೆ ಎಂದು ಅವರಿಗೆ ನೆನಪಿಲ್ಲ. ಲೆಕ್ಕ ಬರೆದವರು ಅಕ್ಕ. ಕೊಳವೆಗೆ 800 ಡಾಲರ್. ಬೆಲ್ಟು, ಗ್ರೈಂಡರ್, ಮಾಡಿನ ಏಣಿ, ಕುಂಚ, ಕೊಳವೆಯೊಳಗೆ ಬಿಡುವ ಕ್ಯಾಮೆರಾ ಎಲ್ಲ ಸೇರಿ 1,460. ಮಸಿಯಾದ ಕಾರ್ಪೆಟ್ ತೊಳೆಸಿದ್ದು 300. ಉಳಿತಾಯ 440 ಡಾಲರ್. 'ಇದರಲ್ಲಿ ತಮ್ಮನ ಕೂಲಿ ಸೇರಿಲ್ಲ' ಎಂದರು. 'ಅವನೇನು ಮಾಡಿದ? ಹಗ್ಗ ಹಿಡ್ಕೊಂಡಿದ್ದ' ಎಂದರು ಭಾವ.

ಅಂದಿನಿಂದ ಅವರ ಬಾಯಲ್ಲಿ 'ಮೂರು-ಎರಡು-ಹತ್ತು' ಎಂಬ ಮಂತ್ರ. ಚಿಮಣಿ ಮಾಡಿನಿಂದ ಮೂರು ಅಡಿ ಮೇಲಿರಬೇಕು, ಹತ್ತು ಅಡಿ ಫಾಸಲೆಯಲ್ಲಿರುವ ಯಾವುದಕ್ಕಿಂತಲೂ ಎರಡು ಅಡಿ ಎತ್ತರವಿರಬೇಕು. ಕಾರಿನಲ್ಲಿ ಹೋಗುವಾಗ ಕಂಡವರ ಚಿಮಣಿಗಳಿಗೆಲ್ಲ ಅಂಕ ಕೊಡುತ್ತಾರೆ. ಸೌದೆಯಲ್ಲಿ ತೇವ ಶೇ. 20ಕ್ಕಿಂತ ಕಡಿಮೆಯಿರಬೇಕಾದ್ದರಿಂದ ಜೇಬಿನಲ್ಲಿ ಸದಾ ತೇವಮಾಪಕ. ಒಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಕೂರಲು ಕೊಟ್ಟ ಮಣೆಗೆ ಅದರ ಮುಳ್ಳು ಚುಚ್ಚಿ 'ಒಂಬತ್ತು ಪರ್ಸೆಂಟ್!' ಎಂದು ಮೆಚ್ಚಿದರು. ಪುರೋಹಿತರು ಸಂಕಲ್ಪ ನಿಲ್ಲಿಸಿ ನೋಡಿದರು.

ಆದರೆ ಮೊದಲ ಬಾರಿ ಒಲೆ ಹೊತ್ತಿಸಿದ ಸಂಜೆ ಅವರು ಏನನ್ನೂ ಅಳೆಯಲಿಲ್ಲ. ಹೊಗೆ ಒಂದೆಳೆಯೂ ಕೋಣೆಗೆ ಬಾರದೆ ನೆಟ್ಟಗೆ ಮೇಲೇರಿತು. ಗಾಜಿನ ಬಾಗಿಲ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಆಗ ಬಂತು ಊರಿನ ಮಾತು. ಅವರ ಮನೆಯ ಅಡುಗೆಮನೆಗೂ ಬಚ್ಚಲೊಲೆಗೂ ಹೊಗೆಗೂಡೇ ಇರಲಿಲ್ಲ. ಹೊಗೆ ಅಟ್ಟ ಸುತ್ತಿ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗಬೇಕು. ಎಂಬತ್ತರ ದಶಕದಲ್ಲಿ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ್ದು. ಮೂರು ಪಾತ್ರೆ ಕೂರುವ, ಹೊಗೆಕೊಳವೆಯ ಒಲೆ. ಅದರ ಒಳದಾರಿಯ ಅಳತೆ ಒಂದಿಷ್ಟು ತಪ್ಪಿದರೂ ಕೆಲಸ ಕೆಟ್ಟಿತು, ಅದಕ್ಕೆಂದೇ ತರಬೇತಿ ಪಡೆದವರು ಬಂದು ಕಟ್ಟಬೇಕು. ಅಪ್ಪಯ್ಯ ಪಕ್ಕದ ಮನೆಯದನ್ನು ನೋಡಿಬಂದು 'ನಾನಿಲ್ವಾ?' ಎಂದರು. ಕಟ್ಟಿದರು. ಹೊಗೆ ಮೂರನೆಯ ಬಾಯಿಂದ ವಾಪಸು ಬಂತು. ಅಪ್ಪಯ್ಯನಿಗೆ ಬೇಸರವಾದೀತೆಂದು ಅಮ್ಮ ಎರಡು ಮಳೆಗಾಲ ಕಣ್ಣೊರೆಸಿಕೊಳ್ಳುತ್ತ ಅದರಲ್ಲೇ ಬೇಯಿಸಿದರು.

'ಕೊಳವೆ ಅಳತೆ ಒಂದು ತಪ್ಪಿತ್ತು ನೋಡು. ಅಷ್ಟೇ' ಎಂದರು ಭಾವ. ಭಾವಮೈದುನ ಏನೂ ಹೇಳಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು. ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಸ್ವಿಫ್ಟುಗಳು ಬಂದವು. ಮುಸ್ಸಂಜೆ ಚಿಮಣಿಯ ಸುತ್ತ ಸುತ್ತಿದವು. ಬಾಯಿಗೆ ಮುಚ್ಚಳ, ಒಳಗೆ ನುಣುಪು ಸ್ಟೀಲು. ಲೋಹಕ್ಕೆ ಅವುಗಳ ಉಗುರು ನಿಲ್ಲುವುದಿಲ್ಲ. ಮೂರು ಸಂಜೆ ಸುತ್ತಿ ನಾಲ್ಕನೆಯ ಸಂಜೆ ಬರಲಿಲ್ಲ. ಅಕ್ಕ ಅಡುಗೆಮನೆಯ ಕಿಟಕಿಯಿಂದ ನೋಡಿದ್ದನ್ನು ಹೇಳಿದರು. ಭಾವ ಹೊರಗೆ ಹೋಗಿ ತಲೆಯೆತ್ತಿ ನಿಂತರು. ಆ ವಾರ ಯಾವುದನ್ನೂ ರಿಪೇರಿ ಮಾಡಲಿಲ್ಲ. ಎದೆಯ ಮೇಲೆ ಬಿದ್ದಿದ್ದ ಗೂಡು ಈಗಲೂ ಷೋಕೇಸಿನಲ್ಲಿ ಗಣಪತಿಯ ಪಕ್ಕದಲ್ಲಿದೆ.

ಟೆಕ್ಸಾಸಿನ ಪಾಲ್ ಮತ್ತು ಜಾರ್ಜೀನ್ ಕೈಲ್ ದಂಪತಿ ಈ ಹಕ್ಕಿಗಳಿಗೆಂದೇ ಹನ್ನೆರಡು ಅಡಿ ಎತ್ತರದ ಮರದ ಗೋಪುರ ಕಟ್ಟುವ ಬಗ್ಗೆ ಪುಸ್ತಕ ಬರೆದಿದ್ದಾರೆ. ಭಾವ ಅದನ್ನು ತರಿಸಿದರು. ಕಾಲು ಸಿಕ್ಕಿಸಲು ಬರಲೆಂದು ಒಳಹಲಗೆಗಳಿಗೆ ತಾವೇ ಕಚ್ಚು ಕೊರೆದರು. ಗೋಪುರ ಹಿತ್ತಿಲಲ್ಲಿ ಎದ್ದು ವರ್ಷಗಳಾದವು. ಈವರೆಗೆ ಅದಕ್ಕೆ ಬಾಡಿಗೆ ಬಂದಿರುವುದು ಕಣಜದ ಹುಳುಗಳು ಮಾತ್ರ. ಅವುಗಳ ಗೂಡು ತೆಗೆಯುವ ಕೆಲಸದವರು ಊರಲ್ಲಿದ್ದಾರೆ, ಒಂದು ಫೋನು ಮಾಡಿದರೆ ಬರುತ್ತಾರೆ. ಫೋನು ಬಂದದ್ದು ಭಾವಮೈದುನನಿಗೆ: ಶನಿವಾರ ಬೆಳಿಗ್ಗೆ ಏಳಕ್ಕೆ ಬರಬೇಕು, ಸುಮ್ಮನೆ ಏಣಿ ಹಿಡಿದರಾಯಿತು.